ಬೆಕ್ಕು ತನ್ನನ್ನು ತಾನೇ ನೆಕ್ಕಿಕೊಳ್ಳುತ್ತದೆ ಎಂಬ ನೆಪ

ಬೆಕ್ಕಿನ ವಿಷಯದಲ್ಲಿ ನಮ್ಮವರಿಗೆ ಒಂದು ಅಚಲ ನಂಬಿಕೆಯಿದೆ. ಎತ್ತಿನ ಮೈ ತಿಕ್ಕಬೇಕು, ನಾಯಿಯನ್ನು ಮೀಯಿಸಬೇಕು, ಬೆಕ್ಕಿಗೆ ಮಾತ್ರ ಏನನ್ನೂ ಮಾಡಬೇಕಾಗಿಲ್ಲ. ಅದು ತನ್ನನ್ನು ತಾನೇ ನೆಕ್ಕಿಕೊಂಡು ಶುಚಿಯಾಗಿರುತ್ತದೆ. ಧಾರವಾಡದ ಓಣಿಯಿಂದ ಬಂದವರೂ ಪುತ್ತೂರಿನ ತೋಟದ ಮನೆಯಿಂದ ಬಂದವರೂ ಬೇರೆ ಎಷ್ಟೋ ಸಂಗತಿಗಳಲ್ಲಿ ಪರಸ್ಪರ ಒಪ್ಪದಿದ್ದರೂ ಈ ಒಂದರಲ್ಲಿ ಒಮ್ಮತದವರು. ಊರು ಬಿಟ್ಟು ಬರುವಾಗ ಹಪ್ಪಳ, ಉಪ್ಪಿನಕಾಯಿ, ಮನೆದೇವರ ಪಟಗಳೊಡನೆ ಈ ನಂಬಿಕೆಯನ್ನೂ ಮುಂಬಯಿಗೆ, ಪುಣೆಗೆ ಹೊತ್ತು ತಂದಿದ್ದೇವೆ. ಈಗ ಅಂಧೇರಿಯ ಹನ್ನೊಂದನೆಯ ಮಾಳಿಗೆಯ ಫ್ಲ್ಯಾಟಿನಲ್ಲಿ, ಸೋಫಾದ ಮೇಲೆ ಹಿಂಜಿದ ಹತ್ತಿಯ ರಾಶಿಯಂತೆ ಕುಳಿತಿರುವ ಪರ್ಶಿಯನ್ ಬೆಕ್ಕಿನ ಮೇಲೆ ಅದನ್ನು ಪ್ರಯೋಗಿಸುತ್ತಿದ್ದೇವೆ. ನನ್ನ ತಕರಾರು ಶುರುವಾಗುವುದು ಇಲ್ಲಿಂದ.

ನಂಬಿಕೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ನಿಜವಾಗಿರುವುದು ಬೇರೊಂದು ಬೆಕ್ಕಿನ ಮಟ್ಟಿಗೆ. ನಮ್ಮ ಹಿರಿಯರು ಕಂಡ ಬೆಕ್ಕು ಭತ್ತದ ಕಣಜದ ಸುತ್ತ ಇಲಿ ಹಿಡಿದು, ಒಲೆಯ ಬೂದಿಯ ಬಿಸುಪಿನಲ್ಲಿ ಮಲಗಿ, ಹಾಲಿನ ಪಾತ್ರೆಯ ಮುಚ್ಚಳ ಸರಿಸಿ ಬೈಸಿಕೊಂಡು ಬದುಕುತ್ತಿದ್ದ ಪ್ರಾಣಿ. ಅದರ ಕೂದಲು ಗಿಡ್ಡ; ಮೈಗೆ ಅಂಟಿದಂತೆ ಮಲಗಿರುತ್ತಿತ್ತು. ಅಂಥ ಮೈಗೆ ಬೆಕ್ಕಿನ ನಾಲಿಗೆಗಿಂತ ಒಳ್ಳೆಯ ಬಾಚಣಿಗೆಯನ್ನು ಯಾವ ಕಾರ್ಖಾನೆಯೂ ಮಾಡಿಲ್ಲ. ಬೆಕ್ಕು ನಮ್ಮ ಕೈ ನೆಕ್ಕಿದಾಗ ಮರಳುಕಾಗದದಂತೆ ಒರಟಾಗಿ ತಗಲುವುದು ಅದರ ನಾಲಿಗೆಯ ಮೇಲೆ ಗಂಟಲಿನ ಕಡೆಗೆ ಬಾಗಿರುವ ನೂರಾರು ಸಣ್ಣ ಮುಳ್ಳುಗಳು. ನಮ್ಮ ಉಗುರು ಯಾವ ವಸ್ತುವಿನಿಂದ ಆಗಿದೆಯೋ ಆ ಕೆರಾಟಿನ್‌ನಿಂದಲೇ ಆದ ಮುಳ್ಳುಗಳು ಅವು. 2018ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಅಲೆಕ್ಸಿಸ್ ನೋಯೆಲ್ ಮತ್ತು ಡೇವಿಡ್ ಹು ಈ ಮುಳ್ಳುಗಳನ್ನು ಪರೀಕ್ಷಿಸಿ, ಅವುಗಳ ತುದಿ ಚಮಚದಂತೆ ಟೊಳ್ಳಾಗಿದೆಯೆಂದೂ ಆ ಟೊಳ್ಳು ಜೊಲ್ಲನ್ನು ಹಿಡಿದಿಟ್ಟುಕೊಂಡು ತುಪ್ಪಳದ ಒಳಗೆ ಒಯ್ದು ಬಿಡುತ್ತದೆಯೆಂದೂ ತೋರಿಸಿದರು. ಹುಲಿ, ಸಿಂಹ, ಹಿಮಚಿರತೆಗಳಂಥ ದೊಡ್ಡ ಬೆಕ್ಕುಗಳಲ್ಲಿ ಕೂಡ ನಾಲಿಗೆ ತುಪ್ಪಳವನ್ನು ಒತ್ತಿದಾಗ ಈ ಮುಳ್ಳು ಚರ್ಮದವರೆಗೆ ಮುಟ್ಟುತ್ತದೆ. ಮುಟ್ಟದೆ ಉಳಿಯುವುದು ಪರ್ಶಿಯನ್ ಬೆಕ್ಕಿನಲ್ಲಿ. ಅದರ ತುಪ್ಪಳವನ್ನು ಎಷ್ಟು ಒತ್ತಿದರೂ ಅದರ ದಪ್ಪ ಮುಳ್ಳಿನ ಉದ್ದವನ್ನು ಮೀರುತ್ತದೆ.

ಎಂದರೆ, ಸೋಫಾದ ಮೇಲಿನ ಆ ಬೆಕ್ಕು ದಿನವಿಡೀ ನೆಕ್ಕಿಕೊಳ್ಳುತ್ತಿರುವುದನ್ನು ಕಂಡು ನಾವು ಸಮಾಧಾನಪಡುತ್ತಿರುವಾಗ, ಅದು ತನ್ನ ಹೊರಗೂದಲನ್ನು ಮಾತ್ರ ಒದ್ದೆಮಾಡುತ್ತಿರುತ್ತದೆ. ಉದುರಿದ ಒಳತುಪ್ಪಳ ಒಳಗೇ ಉಳಿಯುತ್ತದೆ. ಕೈಗೆಟುಕಿದಷ್ಟು ಕೂದಲು ಹಿಂದಕ್ಕೆ ಬಾಗಿದ ಮುಳ್ಳುಗಳ ದೆಸೆಯಿಂದ ಹೊರಗೆ ಉಗುಳಲಾಗದೆ ಹೊಟ್ಟೆಗಿಳಿಯುತ್ತದೆ. ಕೆಲವೊಮ್ಮೆ ವಾಂತಿಯಾಗಿ ಕೂದಲುಂಡೆ ಹೊರಬರುತ್ತದೆ. ಬಾರದೆ ಕರುಳಿನಲ್ಲಿ ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆಯೇ ಗತಿ.

ಹಾಗಾದರೆ ಪ್ರಕೃತಿ ಇಂಥ ಪ್ರಾಣಿಯನ್ನು ಏಕೆ ಸೃಷ್ಟಿಸಿತು ಎಂದು ಯಾರಾದರೂ ಕೇಳಬಹುದು. ಪ್ರಕೃತಿಯ ಮೇಲೆ ಆ ಆರೋಪ ಹೊರಿಸುವುದು ನ್ಯಾಯವಲ್ಲ. ಕೂದಲಿನ ಬೆಳವಣಿಗೆಯನ್ನು ತಕ್ಕ ಹೊತ್ತಿಗೆ ನಿಲ್ಲಿಸುವ ಒಂದು ವಂಶವಾಹಿ ಇದೆ; ಅದರಲ್ಲಿ ಒಂದು ಸಣ್ಣ ಕೊರತೆ ಉಂಟಾದಾಗ ಕೂದಲು ನಿಲ್ಲಬೇಕಾದಲ್ಲಿ ನಿಲ್ಲದೆ ಬೆಳೆಯುತ್ತದೆ. ಅಷ್ಟು ಮಾತ್ರ ಆಕಸ್ಮಿಕ. ಉಳಿದದ್ದೆಲ್ಲ ಮನುಷ್ಯನ ಮೋಹ. ಇಟಲಿಯ ಯಾತ್ರಿಕ ಪಿಯೆತ್ರೋ ದೆಲ್ಲಾ ವಾಲ್ಲೆ 1620ರ ಸುಮಾರಿಗೆ ಪರ್ಶಿಯಾದಲ್ಲಿದ್ದಾಗ ಖೊರಾಸಾನಿನ ರೇಷ್ಮೆಗೂದಲಿನ ಬೆಕ್ಕುಗಳನ್ನು ಕಂಡು ಮರುಳಾಗಿ, ಅವುಗಳನ್ನು ತನ್ನ ದೇಶಕ್ಕೆ ಒಯ್ಯುವ ಆಸೆಯನ್ನು ಪತ್ರದಲ್ಲಿ ಬರೆದ. ಕನ್ನಡಿಗರಿಗೆ ಈತ ಅಪರಿಚಿತನಲ್ಲ. 1623ರಲ್ಲಿ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನ ರಾಜಧಾನಿಯನ್ನು ಬಣ್ಣಿಸಿದವನು, ಉಳ್ಳಾಲದ ರಾಣಿಯನ್ನು ಕಂಡು ಮಾತಾಡಿದವನು ಇವನೇ. ನಮ್ಮ ಇತಿಹಾಸಕಾರರು ಈತನ ಇಕ್ಕೇರಿಯ ವಿವರಗಳನ್ನು ಅದೆಷ್ಟು ಸಲ ಉದ್ಧರಿಸಿದ್ದಾರೋ. ಬೆಕ್ಕಿನ ವಿಷಯವನ್ನು ಯಾರೂ ಎತ್ತಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಆಮೇಲಿನ ಕೆಲಸವನ್ನು ಯೂರೋಪಿನ, ಅದರಲ್ಲೂ ಇಂಗ್ಲೆಂಡಿನ ತಳಿಗಾರರು ಕೈಗೆತ್ತಿಕೊಂಡರು. 1871ರಲ್ಲಿ ಹ್ಯಾರಿಸನ್ ವಿಯರ್ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಬೆಕ್ಕಿನ ಪ್ರದರ್ಶನ ಏರ್ಪಡಿಸಿದ ಮೇಲೆ ಉದ್ದಗೂದಲಿಗೆ ಬಹುಮಾನದ ಬೆಲೆ ಬಂತು. ಕೂದಲನ್ನು ಇನ್ನೂ ಉದ್ದವಾಗಿಸಿ, ಒಳತುಪ್ಪಳವನ್ನು ಇನ್ನೂ ದಟ್ಟವಾಗಿಸಿ, ಇಪ್ಪತ್ತನೆಯ ಶತಮಾನದಲ್ಲಿ ಮೂಗನ್ನೂ ಒಳಕ್ಕೆ ಒತ್ತಿ, ಕಣ್ಣೀರು ಸರಿಯಾಗಿ ಇಳಿಯದೆ ಕೆನ್ನೆಯ ಮೇಲೆ ಹರಿದು ಕಂದುಗಟ್ಟುವಂತೆ ಮಾಡಿ, ಅದಕ್ಕೆ ರಾಜಕಳೆ ಎಂದು ಹೆಸರಿಟ್ಟರು. ತನ್ನ ನಾಲಿಗೆ ಸಾಲದ ಮೈಯನ್ನು ಈ ಪ್ರಾಣಿ ಬೇಡಿ ಪಡೆದದ್ದಲ್ಲ. ಮನುಷ್ಯ ಕೊಟ್ಟದ್ದು. ಹಾಗೆ ಕೊಟ್ಟ ಮೇಲೆ ಸಾಲದ ನಾಲಿಗೆಯ ಬದಲಿಗೆ ಬಾಚಣಿಗೆ ಹಿಡಿಯುವುದು ಮನೆಯವರ ಪಾಲಿನ ಸಾಲ. ಇದನ್ನು ಮುದ್ದು, ಶೋಕಿ ಎಂದು ಕರೆದು ನಗುವವರು ಮೊದಲು ಒಂದು ಜಡೆಗಟ್ಟಿದ ಬೆಕ್ಕನ್ನು ಹತ್ತಿರದಿಂದ ನೋಡಬೇಕು.

ಜಡೆ ಎಂದೊಡನೆ ನಮಗೆ ಮಲ್ಲಿಗೆ ಮುಡಿದ ಹೆರಳು ನೆನಪಾಗುತ್ತದೆ. ಇದು ಆ ಜಡೆಯಲ್ಲ. ಉದುರಿದ ಒಳತುಪ್ಪಳ ಉದುರದ ಹೊರಗೂದಲಿಗೆ ಸುತ್ತಿಕೊಳ್ಳುತ್ತದೆ. ಮೊದಲು ಹುಣಿಸೆಬೀಜದಷ್ಟು ಸಿಕ್ಕು. ಮೈ ಮೈಗೆ ಉಜ್ಜುವ ಜಾಗದಲ್ಲಿ, ಎಂದರೆ ಕಂಕುಳಲ್ಲಿ, ಕಿವಿಯ ಹಿಂದೆ, ಹೊಟ್ಟೆಯಡಿ, ಹಿಂದೊಡೆಯ ಒಳಮಗ್ಗುಲಲ್ಲಿ, ಬಾಲದ ಬುಡದಲ್ಲಿ ಅದು ನಡೆದಾಡಿದಷ್ಟೂ ತುಳಿದ ಉಣ್ಣೆಯಂತೆ ಗಟ್ಟಿಯಾಗುತ್ತ ಹೋಗುತ್ತದೆ. ಬೆಕ್ಕಿನ ಚರ್ಮ ಬಹಳ ತೆಳು, ಸಡಿಲ. ಗಂಟು ಬಿಗಿದಂತೆ ಚರ್ಮವನ್ನು ತನ್ನೊಳಕ್ಕೆ ಸೆಳೆದುಕೊಳ್ಳುತ್ತದೆ. ಪ್ರತಿ ಹೆಜ್ಜೆಗೂ ಕಂಕುಳ ಚರ್ಮ ಎಳೆಯುತ್ತದೆ. ನಿಮ್ಮ ತಲೆಗೂದಲನ್ನು ಯಾರೋ ಹಿಡಿ ತುಂಬ ಹಿಡಿದುಕೊಂಡು, ನೀವು ಎದ್ದಾಗ ಕುಳಿತಾಗಲೆಲ್ಲ ಎಳೆಯುತ್ತಿದ್ದರೆ ಹೇಗಿರುತ್ತದೆಂದು ಊಹಿಸಿ. ಅದರಡಿ ಗಾಳಿಯಾಡದು, ಬೆವೆ ಹಿಡಿದು ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಬಯಿಯ ತೇವದಲ್ಲಿ, ಗೋಡೆಗೆ ನೇತುಹಾಕಿದ ಬೆಲ್ಟಿಗೇ ಬೂಸರು ಬರುವಾಗ, ಅಂಥ ಹುಣ್ಣಿನ ಗತಿ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕಟ್ಟಡದ ಒಂದು ಮನೆಯ ನಾಲ್ಕು ವರ್ಷದ ಬೆಕ್ಕನ್ನು ಕಳೆದ ಮಳೆಗಾಲದಲ್ಲಿ ವೈದ್ಯರಲ್ಲಿಗೆ ಒಯ್ಯುವಾಗ ಬುಟ್ಟಿ ಹಿಡಿಯಲು ನಾನೂ ಹೋಗಿದ್ದೆ. ಅದು ಎರಡು ತಿಂಗಳಿಂದ ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ, ಎತ್ತಿಕೊಂಡರೆ ಕಚ್ಚುತ್ತಿತ್ತು. ‘ಸ್ವಭಾವ ಕೆಟ್ಟಿದೆ’ ಎಂಬುದು ಮನೆಯವರ ತೀರ್ಪು. ವೈದ್ಯರು ಮಂಪರು ಕೊಟ್ಟು ಯಂತ್ರದಿಂದ ಬೋಳಿಸಿದಾಗ ಹೊಟ್ಟೆಯ ಮತ್ತು ತೊಡೆಯ ತುಪ್ಪಳವೆಲ್ಲ ಒಂದೇ ತುಂಡಾಗಿ, ಹಳೆಯ ಟೊಪ್ಪಿಗೆಯಂತೆ ಕಳಚಿ ಬಂತು. ಅದರಡಿಯ ಚರ್ಮದಲ್ಲಿ ಎರಡು ಕಡೆ ಹಸಿ ಹುಣ್ಣು. ಕೋಣೆಯ ತುಂಬ ವಾಸನೆ. ‘ಬೆಕ್ಕಲ್ವಾ ಮಾರಾಯ್ರೆ, ಅದೇ ನೆಕ್ಕಿಕೊಳ್ತದೆ ಅಂದ್ಕೊಂಡಿದ್ದೆವು’ ಎಂದರು ಮನೆಯ ಯಜಮಾನರು. ದುಷ್ಟರಲ್ಲ, ಕುಂದಾಪುರದ ಕಡೆಯ ಸಜ್ಜನರು; ದಿನಾ ಬೆಳಗ್ಗೆ ಪಾರಿವಾಳಕ್ಕೆ ಕಾಳು ಹಾಕುವವರು. ಒಂದು ವಾರದ ನಂತರ ಅದೇ ಬೆಕ್ಕು ಅವರ ತೊಡೆಯ ಮೇಲೆ ಮಲಗಿ ಗುರ್‌ಗುಟ್ಟುತ್ತಿತ್ತು. ಕೆಟ್ಟದ್ದು ಸ್ವಭಾವವಾಗಿರಲಿಲ್ಲ.

ನೆಕ್ಕುವ ನಂಬಿಕೆಯನ್ನು ದಾಟಿ ಬಂದ ನಾಗರಿಕರ ಬಳಿ ಎರಡನೆಯ ನೆಪ ಸಿದ್ಧವಾಗಿರುತ್ತದೆ: ಪಾರ್ಲರ್. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಕಳಿಸುತ್ತೇವೆ, ಅವರೇ ಎಲ್ಲ ನೋಡಿಕೊಳ್ಳುತ್ತಾರೆ ಎನ್ನುತ್ತಾರೆ. ಲೆಕ್ಕ ಹಾಕೋಣ. ಉದ್ದಗೂದಲಿನ ಬೆಕ್ಕಿನ ಕಂಕುಳಲ್ಲಿ ಸಿಕ್ಕು ಬೀಳಲು ಕೆಲವೇ ದಿನ ಸಾಕು. ಮೂವತ್ತು ದಿನಕ್ಕೊಮ್ಮೆ ಹಲ್ಲುಜ್ಜಿಸಲು ದಂತವೈದ್ಯರಲ್ಲಿಗೆ ಹೋಗುತ್ತೇನೆ, ಮನೆಯಲ್ಲಿ ಉಜ್ಜುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾವು ಒಂದು ಮಾರು ದೂರ ನಿಲ್ಲುತ್ತೇವೆ. ಮೇಲಾಗಿ ಬೆಕ್ಕು ತನ್ನ ಜಾಗಕ್ಕೆ ಒಗ್ಗಿದ ಪ್ರಾಣಿ. ಆಟೋದಲ್ಲಿ, ನಾಯಿಗಳ ಬೊಗಳಿನ ನಡುವೆ, ಡ್ರೈಯರಿನ ಅಬ್ಬರದಲ್ಲಿ, ಅಪರಿಚಿತ ಕೈಗಳಲ್ಲಿ ಎರಡು ತಾಸು ಕಳೆಯುವುದು ಅದಕ್ಕೆ ಬ್ಯೂಟಿ ಪಾರ್ಲರ್ ಅಲ್ಲ, ಪೊಲೀಸ್ ಠಾಣೆ. ಅಲ್ಲಿ ಒಳ್ಳೆಯ ಕೆಲಸಗಾರರಿದ್ದಾರೆ, ಇಲ್ಲವೆಂದಲ್ಲ. ಆದರೆ ಹದಿನೈದು ದಿನಗಳ ಗಂಟನ್ನು ಒಂದು ತಾಸಿನಲ್ಲಿ ಬಿಡಿಸಬೇಕಾದ ಯಾವ ಕೈಯೂ ಮೆತ್ತಗಿರಲಾರದು.

ಪಾರ್ಲರಿನ ಇನ್ನೊಂದು ಫಲವೇ ಮಾರ್ಚ್ ಬಂತೆಂದರೆ ಶುರುವಾಗುವ ಬೋಳಿಸುವ ಹಬ್ಬ. ಕುತ್ತಿಗೆಯ ಸುತ್ತ ಕೇಸರ, ಬಾಲದ ತುದಿಗೊಂದು ಕುಚ್ಚು ಬಿಟ್ಟು ಉಳಿದ ಮೈಯನ್ನೆಲ್ಲ ನುಣ್ಣಗೆ ಮಾಡಿ ‘ಲಯನ್ ಕಟ್’ ಎನ್ನುತ್ತಾರೆ. ‘ಸೆಕೆ ಅಲ್ಲವೇ, ಪಾಪ’ ಎಂಬ ಕರುಣೆಯ ಮಾತು ಬೇರೆ. ಗಂಟು ಚರ್ಮಕ್ಕೆ ಅಂಟಿ, ಬಾಚಣಿಗೆ ನುಗ್ಗದ ಸ್ಥಿತಿಗೆ ಬಂದಾಗ ಬೋಳಿಸುವುದು ಸರಿ. ಆಗ ಅದು ದಯೆ. ವಯಸ್ಸಾದ, ಸಂಧಿವಾತದಿಂದ ಮೈ ಬಾಗದ ಬೆಕ್ಕಿಗೂ ವೈದ್ಯರು ಹೇಳಿದರೆ ಸರಿ. ಆದರೆ ಬಾಚುವ ಸೋಮಾರಿತನಕ್ಕೆ ಬದಲಾಗಿ ವರ್ಷಕ್ಕೊಮ್ಮೆ ಬೋಳಿಸುವುದನ್ನು ಬೇಸಿಗೆಯ ಹೆಸರಿನಲ್ಲಿ ಸಮರ್ಥಿಸುವುದು ಬೇಡ. ಬೆಕ್ಕು ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಅದರ ಬೆವರು ಪಾದದ ಗದ್ದಿಗೆಗಳಿಗೆ ಸೀಮಿತ. ಸಿಕ್ಕಿಲ್ಲದ, ಉದುರಿದ ಕೂದಲನ್ನು ತೆಗೆದ ತುಪ್ಪಳದೊಳಗೆ ಗಾಳಿಯಾಡುತ್ತದೆ. ಬಿಸಿಲಿನಿಂದಲೂ ಅದು ಚರ್ಮವನ್ನು ಕಾಯುತ್ತದೆ. ಬೋಳಿಸಿದ ಬಿಳಿ ಬೆಕ್ಕು ಬಾಲ್ಕನಿಯ ಬಿಸಿಲಿನಲ್ಲಿ ಮಲಗಿದರೆ ಚರ್ಮ ಸುಡುತ್ತದೆ. ಬೇಸಿಗೆಯಲ್ಲಿ ಅದಕ್ಕೆ ಬೇಕಾದದ್ದು ಫ್ಯಾನು, ನೆರಳು, ಎರಡು ಮೂರು ಕಡೆ ನೀರು ಮತ್ತು ನಿತ್ಯದ ಬಾಚಣಿಗೆ. ಇವೆಲ್ಲ ಇದ್ದೂ ಬೆಕ್ಕು ಬಾಯಿ ತೆರೆದು ಏದುಸಿರು ಬಿಡತೊಡಗಿದರೆ ಕೂಡಲೇ ವೈದ್ಯರಲ್ಲಿಗೆ ಓಡಬೇಕು. ಇನ್ನೊಂದು ಮಾತು. ಅಲುಗಾಡದಿರಲೆಂದು ಮಂಪರು ಕೊಟ್ಟು ಬೋಳಿಸುವ ಪಾರ್ಲರುಗಳಿವೆಯೆಂದು ಕೇಳುತ್ತೇವೆ. ಚಪ್ಪಟೆ ಮೂಗಿನ ಬೆಕ್ಕಿಗೆ ಉಸಿರಾಟವೇ ಕಷ್ಟ. ವೈದ್ಯರಲ್ಲದವರು ಅದಕ್ಕೆ ಮಂಪರು ಕೊಡುವುದನ್ನು ನಿರ್ಲಕ್ಷ್ಯ ಎಂದು ಕರೆದರೆ ಕಡಿಮೆಯಾಯಿತು.

ಮನೆಮದ್ದಿನ ಪಂಡಿತರೂ ಇದ್ದಾರೆ. ಟೀ ಟ್ರೀ ಎಣ್ಣೆ ಹಚ್ಚಿ, ಕರ್ಪೂರ ಕರಗಿಸಿ ಸವರಿ, ನಾಯಿಗೆ ತಂದ ಚಿಗಟದ ಔಷಧ ಉಳಿದಿದ್ದರೆ ಅದನ್ನೇ ಎರಡು ಹನಿ ಹಾಕಿ ಎಂದು ಸಲಹೆ ಕೊಡುವವರಿಗೆ ಬರವಿಲ್ಲ. ನಾಯಿಯ ಚಿಗಟದ ಔಷಧಗಳಲ್ಲಿ ಹಲವಕ್ಕೆ ಪರ್ಮೆಥ್ರಿನ್ ಸೇರಿರುತ್ತದೆ. ನಾಯಿಗೆ ಒಗ್ಗುವ ಅದು ಬೆಕ್ಕಿಗೆ ವಿಷ, ನಡುಕ, ಸೆಳವು ಬಂದು ಸಾಯಬಹುದು. ಟೀ ಟ್ರೀ ಎಣ್ಣೆ, ಕರ್ಪೂರಗಳೂ ಬೆಕ್ಕಿಗೆ ವಿಷವೇ. ಮೈಗೆ ಹಚ್ಚಿದ್ದನ್ನೆಲ್ಲ ಬೆಕ್ಕು ನೆಕ್ಕಿ ನುಂಗುತ್ತದೆ ಎಂಬ ಸರಳ ಸತ್ಯ, ‘ಅದೇ ನೆಕ್ಕಿಕೊಳ್ಳುತ್ತದೆ’ ಎಂದು ಜಪಿಸುವವರಿಗೇ ಹೊಳೆಯದಿರುವುದು ಸೋಜಿಗ. ಸ್ನಾನದ ಮೋಹವೂ ಹೀಗೆಯೇ. ಸಿಕ್ಕು ಬಿಡಿಸದೆ ನೀರು ಹಾಕಿದರೆ ಗಂಟು ಇನ್ನಷ್ಟು ಬಿಗಿಯುತ್ತದೆ. ಒಳತುಪ್ಪಳ ಪೂರ್ತಿ ಒಣಗದಿದ್ದರೆ ಹುಳುಕಡ್ಡಿಗೆ ಆಹ್ವಾನ. ಉದ್ದಗೂದಲಿನ ಬೆಕ್ಕುಗಳಿಗೆ ಸುಲಭವಾಗಿ ತಗಲುವ ಈ ರೋಗ ಮನೆಯ ಮಕ್ಕಳ ತೋಳಿಗೂ ಕುತ್ತಿಗೆಗೂ ಹಬ್ಬುತ್ತದೆ.

ಇಷ್ಟು ಕೇಳಿದ ಮೇಲೆ ಬರುವ ಉತ್ತರ ಒಂದೇ: ‘ನಮ್ಮ ಬೆಕ್ಕು ಬಾಚಿಸಿಕೊಳ್ಳುವುದೇ ಇಲ್ಲ.’ ತೆನ್ನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡುತ್ತಿದ್ದ ಕಥೆ ನಿಮಗೆ ಗೊತ್ತು. ಬೆಕ್ಕಿಗೆ ಹಾಲು ಒಲ್ಲದಾಗಿರಲಿಲ್ಲ, ಮೊದಲ ದಿನ ಬಾಯಿ ಸುಟ್ಟಿತ್ತು. ಬಾಚಣಿಗೆ ಕಂಡು ಓಡುವ ಬೆಕ್ಕಿನ ಕಥೆಯೂ ಬಹುಪಾಲು ಅದೇ. ಎರಡು ವಾರ ಮರೆತು, ಭಾನುವಾರ ನೆನಪಾಗಿ, ಇಬ್ಬರು ಹಿಡಿದು ಒಬ್ಬರು ಎಳೆದರೆ ಯಾವ ಪ್ರಾಣಿ ಮತ್ತೆ ಹತ್ತಿರ ಬಂದೀತು? ಮರಿಯಾಗಿದ್ದಾಗಲೇ, ಊಟವಾಗಿ ತೂಕಡಿಸುವ ಹೊತ್ತಿನಲ್ಲಿ, ಮೊದಲು ಕೈಯಿಂದ ಸವರಿ, ಆಮೇಲೆ ದಿನಕ್ಕೆ ಎರಡೇ ನಿಮಿಷ ಬಾಚಿ ನಿಲ್ಲಿಸಬೇಕು. ಬಾಲ ಬಡಿಯತೊಡಗಿದರೆ, ಕಿವಿ ಹಿಂದಕ್ಕೆ ಮಡಿಚಿದರೆ, ಬೆನ್ನಿನ ಚರ್ಮ ಅದಿರಿದರೆ ಅಂದಿಗೆ ಮುಗಿಯಿತು. ಬಾಚಿದ ಮೇಲೆ ಮುಳ್ಳು ತೆಗೆದ ಬೇಯಿಸಿದ ಬಂಗುಡೆಯ ಒಂದು ಚೂರು ಕೊಟ್ಟರೆ ಮರುದಿನ ಅದೇ ಬಂದು ಕುಳಿತುಕೊಳ್ಳುತ್ತದೆ. (ಮೀನು ಒಲ್ಲದ ಮನೆಗಳಲ್ಲಿ ಮೊಸರನ್ನದ ಮೇಲೆಯೇ ಬೆಕ್ಕನ್ನು ಸಾಕುವ ಪ್ರಯೋಗ ನಡೆಯುವುದನ್ನು ಕಂಡಿದ್ದೇನೆ. ಬೆಕ್ಕು ಮಾಂಸಾಹಾರದಿಂದಲೇ ಬದುಕುವ ಪ್ರಾಣಿ. ಟಾರಿನ್ ಎಂಬ ಅಂಶ ಸಿಗದಿದ್ದರೆ ಅದರ ಕಣ್ಣೂ ಹೃದಯವೂ ಕೆಡುತ್ತವೆ. ತುಪ್ಪಳದ ಹೊಳಪಂತೂ ಮೊದಲೇ ಹೋಗುತ್ತದೆ. ನಮ್ಮ ಮಡಿ ನಮಗಿರಲಿ.)

ಸಾಮಾನು ಹೆಚ್ಚೇನೂ ಬೇಡ. ಒಂದು ಕಡೆ ಅಗಲ ಹಲ್ಲು, ಇನ್ನೊಂದು ಕಡೆ ಒತ್ತು ಹಲ್ಲಿರುವ ಉಕ್ಕಿನ ಬಾಚಣಿಗೆ, ಉತ್ತರ ಕರ್ನಾಟಕದವರ ಹಣಿಗೆ, ಒಂದಿದ್ದರೆ ಸಾಕು. ಕೂದಲು ಬೆಳೆದ ದಿಕ್ಕಿನಲ್ಲೇ, ಮೊದಲು ಅಗಲ ಹಲ್ಲಿನಿಂದ, ಚರ್ಮದ ಹತ್ತಿರದವರೆಗೆ ಹೋಗುವಂತೆ ಬಾಚಬೇಕು; ಮೇಲೆ ಮೇಲೆ ಸವರಿದ ಮೈ ಹೊರಗೆ ಹೊಳೆಯುತ್ತಿದ್ದರೂ ಒಳಗೆ ಸಿಕ್ಕು ಬೆಳೆಯುತ್ತಿರುತ್ತದೆ. ಗಂಟು ಸಿಕ್ಕರೆ ಅದರ ಬುಡವನ್ನು ಎರಡು ಬೆರಳಿನಿಂದ ಬಿಗಿಯಾಗಿ ಹಿಡಿದುಕೊಂಡರೆ ಎಳೆತ ಚರ್ಮಕ್ಕೆ ತಾಗದು. ಸೂಪಿಗೆ ಹಾಕುವ ಕಾರ್ನ್‌ಫ್ಲೋರನ್ನು ಒಂದು ಚಿಟಿಕೆ ಉದುರಿಸಿ, ಬೆರಳಿನಿಂದ ಬಿಡಿಬಿಡಿಯಾಗಿ ಸೀಳಿ, ತುದಿಯಿಂದ ಬುಡದ ಕಡೆಗೆ ಸ್ವಲ್ಪ ಸ್ವಲ್ಪವೇ ಬಿಡಿಸುತ್ತ ಬರಬೇಕು. ಮನೆಯಲ್ಲಿ ಹೆಣ್ಣುಮಕ್ಕಳ ತಲೆ ಬಾಚಿದ ಯಾವ ತಾಯಿಗೂ ಇದನ್ನು ಕಲಿಸಬೇಕಾಗಿಲ್ಲ. ಕತ್ತರಿ ಮಾತ್ರ ಕೂಡದು. ಗಂಟನ್ನು ಎತ್ತಿದಾಗ ಚರ್ಮವೂ ಡೇರೆಯಂತೆ ಏಳುತ್ತದೆ. ಕೂದಲೆಂದು ಕತ್ತರಿಸಿದ್ದು ಚರ್ಮವಾಗಿ, ಹೊಲಿಗೆ ಹಾಕಿಸಿಕೊಳ್ಳಲು ಬರುವ ಬೆಕ್ಕುಗಳನ್ನು ಪಶುವೈದ್ಯರು ಕಾಣುತ್ತಲೇ ಇರುತ್ತಾರೆ. ಇನ್ನು ಕಣ್ಣು: ಕಾಯಿಸಿ ಆರಿಸಿದ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ ಮೂಗಿನ ಕಡೆಯಿಂದ ಹೊರಕ್ಕೆ ಒರೆಸುವುದು, ಎರಡು ಕಣ್ಣಿಗೆ ಎರಡು ಬೇರೆ ತುಂಡು. ಎಲ್ಲ ಸೇರಿ ದಿನಕ್ಕೆ ಹತ್ತು ಹದಿನೈದು ನಿಮಿಷ.

ಈ ಹದಿನೈದು ನಿಮಿಷ ಯಾರದು ಎಂಬಲ್ಲಿಗೆ ಜಗಳ ಬಂದು ನಿಲ್ಲುತ್ತದೆ. ಮರಿಯನ್ನು ತಂದುಕೊಡುವುದು ಸಾಮಾನ್ಯವಾಗಿ ತಂದೆ, ಮಗಳ ಹುಟ್ಟುಹಬ್ಬಕ್ಕೆ. ಫೋಟೋ ತೆಗೆಯುವುದು ಮಗಳು. ಮೂರನೆಯ ತಿಂಗಳಿಗೆ ಬಾಚಣಿಗೆ ತಾಯಿಯ ಕೈಗೋ, ಊರಿನಿಂದ ಬಂದು ಬಾಲ್ಕನಿಯಲ್ಲಿ ಕುಳಿತ ಅಜ್ಜಿಯ ಕೈಗೋ, ಇಲ್ಲವೇ ಬೆಳಗಿನ ಐದನೆಯ ಮನೆಯ ಪಾತ್ರೆ ತಿಕ್ಕಲು ಬಂದ ಬಾಯಿಯ ಕೈಗೋ ಹೋಗಿರುತ್ತದೆ. ಅವಳ ಸಂಬಳ ಪಾತ್ರೆಗೆ ಮತ್ತು ನೆಲಕ್ಕೆ. ಬೆಕ್ಕು ಪರಚಿದರೆ ಟೆಟನಸ್ ಚುಚ್ಚುಮದ್ದಿನ ಖರ್ಚೂ ಅವಳದೇ. ಸಂಜೆ ಸಂಘದ ಸಭೆಯಲ್ಲಿ ಪ್ರಾಣಿದಯೆಯ ಮಾತಾಡುವ ಯಜಮಾನರಿಗೆ ಇದು ಕಾಣುವುದಿಲ್ಲ. ಬೆಕ್ಕು ಬೇಕೆಂದವರೇ ಬಾಚಬೇಕು ಎಂಬುದು ನನಗೆ ಪ್ರಾಣಿಯ ಪ್ರಶ್ನೆಯಷ್ಟೇ ಮನೆಯ ನ್ಯಾಯದ ಪ್ರಶ್ನೆಯೂ ಹೌದು.

ಕಾನೂನಿನ ಮಾತೂ ಇದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 3ನೆಯ ಕಲಮು, ಪ್ರಾಣಿಯ ಹೊಣೆ ಹೊತ್ತ ಪ್ರತಿಯೊಬ್ಬನೂ ಅದರ ಕ್ಷೇಮಕ್ಕೆ ತಕ್ಕ ಎಲ್ಲ ಕ್ರಮ ಕೈಗೊಳ್ಳಬೇಕು, ಅದಕ್ಕೆ ಅನಗತ್ಯ ನೋವಾಗದಂತೆ ನೋಡಿಕೊಳ್ಳಬೇಕು ಎನ್ನುತ್ತದೆ. ಆಜ್ಞೆ ಸ್ಪಷ್ಟವಾಗಿದೆ. ಅದೇ ಕಾಯಿದೆ ಮೊದಲ ಸಲದ ಕ್ರೌರ್ಯಕ್ಕೆ ವಿಧಿಸುವ ದಂಡ 10 ರೂಪಾಯಿಯಿಂದ 50 ರೂಪಾಯಿ. ಉಕ್ಕಿನ ಬಾಚಣಿಗೆ ಅದಕ್ಕಿಂತ ದುಬಾರಿ. ಹೀಗಾಗಿ ಕಾನೂನನ್ನು ಕಾಯುತ್ತ ಕೂರುವುದರಲ್ಲಿ ಅರ್ಥವಿಲ್ಲ. ಮರಿ ಮಾರುವವನನ್ನು ಬೈದರೂ ಪ್ರಯೋಜನವಿಲ್ಲ, ಅವನ ಅಂಗಡಿ ನಡೆಯುವುದು ನಮ್ಮ ಆಸೆಯಿಂದ.

ಉದ್ದಗೂದಲಿನ ಮರಿಯೇ ಬೇಕೆನ್ನುವವರು ಕೊಳ್ಳುವ ಮೊದಲು ಒಂದು ತಿಂಗಳು, ದಿನವೂ ರಾತ್ರಿ ಒಂಬತ್ತೂವರೆಗೆ, ಬರಿ ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ಹದಿನೈದು ನಿಮಿಷ ಬಾಚಿ ನೋಡಲಿ. ಸೀರಿಯಲ್ಲು, ಕ್ರಿಕೆಟ್ಟು, ಆಫೀಸಿನ ಫೋನು, ನೆಂಟರ ಆಗಮನ ಇವೆಲ್ಲದರ ನಡುವೆ ಎಷ್ಟು ದಿನ ತಪ್ಪಿತೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲಿ. ಹತ್ತು ದಿನ ತಪ್ಪಿದ್ದರೆ ಅಂಗಡಿಗೆ ಹೋಗುವ ಬದಲು ಲಿಫ್ಟಿನಲ್ಲಿ ಕೆಳಗಿಳಿಯಲಿ. ನಿಲ್ಲಿಸಿದ ಕಾರಿನಡಿ, ವಾಚ್‌ಮನ್ನನ ಕುರ್ಚಿಯ ಪಕ್ಕ, ಬೂದು ಪಟ್ಟೆಯ ಗಿಡ್ಡಗೂದಲಿನ ಒಂದು ಮರಿ ಇದ್ದೇ ಇರುತ್ತದೆ. ಅದಕ್ಕೆ ಲಸಿಕೆ ಹಾಕಿಸಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ ಮನೆಗೆ ತಂದುಕೊಂಡರೆ, ಅಜ್ಜಿಯ ಮಾತು ಆ ಬೆಕ್ಕಿನ ಮಟ್ಟಿಗೆ ಇಂದಿಗೂ ಅಕ್ಷರಶಃ ನಿಜ. ಈಗಾಗಲೇ ಪರ್ಶಿಯನ್ ಬೆಕ್ಕು ಇರುವವರು ಈ ರಾತ್ರಿಯೇ ಅದರ ಕಂಕುಳಿಗೆ ಬೆರಳು ಹಾಕಿ ನೋಡಲಿ. ಗಟ್ಟಿಯಾಗಿ ಏನಾದರೂ ತಗಲಿದರೆ ಕತ್ತರಿಯನ್ನು ಡ್ರಾಯರಿನಲ್ಲೇ ಬಿಟ್ಟು, ಬೆಳಗ್ಗೆ ಪಶುವೈದ್ಯರಿಗೆ ಫೋನು ಮಾಡಲಿ.